ಹೆಗಲ ಮೇಲಿನ ಕೈ

ರಾಮದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪೇಂಟರ್ ಸದಾಶಿವನ ಅಂಗಡಿ. ಮೊದಲು ಬ್ರಷ್ ಹಿಡಿದು ಸತ್ತವರ ಭಾವಚಿತ್ರ ಬರೆಯುತ್ತಿದ್ದ. ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿ ಫ್ಲೆಕ್ಸ್ ಹೊಡೆಸಿಕೊಡುತ್ತಾನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನಾದರೂ, ಚಿತ್ರದ ಮುಂದೆ ನಿಂತವರ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಮುಖ ಎಡಕ್ಕೆ ತಿರುಗಿದ್ದರೆ ಎಡಗಡೆ ಜಾಗ ಬಿಡಬೇಕು. ಇಲ್ಲದಿದ್ದರೆ ಸತ್ತವರು ಗೋಡೆಗೆ ಮುಖ ಕೊಟ್ಟಂತಾಗಿ ನೋಡುವವರಿಗೆ ಉಸಿರು ಕಟ್ಟುತ್ತದೆ. ತಲೆಯ ಮೇಲೆ ಜಾಗ ಹೆಚ್ಚಾದರೆ ಎಂಥ ಗೌಡನೂ ಬಡಪಾಯಿಯಾಗಿ ಕಾಣುತ್ತಾನೆ. ಎಲ್ಲಕ್ಕಿಂತ ಮುಖ್ಯ, ಬೇರೆಯವರ ಬೆರಳು ಚೌಕಟ್ಟಿನೊಳಗೆ ಉಳಿಯಬಾರದು. ಹಾರ ಹಾಕುವ ಫೋಟೋದಲ್ಲಿ ಬದುಕಿರುವವರ ಉಗುರು ಕಂಡರೂ ಅಪಶಕುನ ಎಂಬುದು ಊರಿನ ಮಾತು. ನೋಡುವವರ ಕಣ್ಣು ಮುಖ ಬಿಟ್ಟು ಕೈಗೆ ಹೋಗುತ್ತದೆ ಎಂಬುದು ಸದಾಶಿವನ ಮಾತು.

ಹದಿನಾರು ವರ್ಷದ ಹಿಂದೆ ತೊರಗಲ್ಲಿನಿಂದ ತಂಗೆವ್ವ ಬಂದಿದ್ದಳು. ಹಾವು ಕಚ್ಚಿ ಸತ್ತ ಮಗ ಬಸವಲಿಂಗನದು ಅವಳ ಹತ್ತಿರ ಇದ್ದದ್ದು ಒಂದೇ ಫೋಟೋ. ಅದರಲ್ಲಿ ಮಗನ ಪಕ್ಕ ಅವಳೂ ಇದ್ದಳು, ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು. ಸದಾಶಿವ ಕತ್ತರಿ ತೆಗೆದು ತಾಯಿಯನ್ನು ಕೈಸಮೇತ ಕತ್ತರಿಸಿದ. ಉಳಿದ ತುಂಡಿನ ಮೇಲೆ ಚೌಕ ಚೌಕ ಗೆರೆ ಎಳೆದು, ಅದನ್ನು ನೋಡುತ್ತ ದೊಡ್ಡ ಚಿತ್ರ ಬರೆದ. ಕೈಯಿದ್ದ ಕಡೆ ಹೊಸ ಹೆಗಲು ಮೂಡಿಸಿದ.

ಚಿತ್ರ ಒಯ್ಯಲು ಬಂದ ತಂಗೆವ್ವ ಬಹಳ ಹೊತ್ತು ನೋಡಿದಳು. "ನನ್ನ ಕೈ ಎಲ್ಲೈತೋ ತಮ್ಮಾ?"

"ಕೈ ಇದ್ರ ಜನ ಮಖಾ ನೋಡಂಗಿಲ್ರಿ ಅವ್ವಾರ. ಇದೆಲ್ಲಾ ನಿಮಗ ತಿಳಿಯಂಗಿಲ್ಲ."

ಕಲಿತ ವಿದ್ಯೆಯ ಸೊಕ್ಕು ಅದು, ಬೇರೇನಲ್ಲ. ಅವಳು ಚಿತ್ರವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಹೋದಳು.

ಹೋದ ಮಾಘದಲ್ಲಿ ಸದಾಶಿವನ ಹೆಂಡತಿ ಸಾವಂತ್ರೆವ್ವ ಎದೆನೋವೆಂದು ಕುಳಿತವಳು ಮತ್ತೆ ಏಳಲಿಲ್ಲ. ಊರಿನ ಸತ್ತವರಿಗೆಲ್ಲ ಚೌಕಟ್ಟು ಕಟ್ಟಿದವನ ಮನೆಯಲ್ಲಿ ಅವಳದೊಂದು ಒಳ್ಳೆಯ ಫೋಟೋ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಕೊನೆಗೆ ಮಗಳು ಪೂನಮ್‌ಳ ಫೋನಿನಲ್ಲಿ ಒಂದು ಸಿಕ್ಕಿತು. ಕಾಲೇಜಿನ ಅಂಗಳದಲ್ಲಿ ತೆಗೆದದ್ದು. ತಾಯಿಯ ಹೆಗಲ ಮೇಲೆ ಮಗಳು ಕೈಯಿಟ್ಟಿದ್ದಾಳೆ, ತಾಯಿ ಆ ಕೈಯ ಕಡೆಗೇ ತಲೆ ವಾಲಿಸಿ ನಗುತ್ತಿದ್ದಾಳೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಚಿತ್ರ ಆಗಬೇಕಿತ್ತು. ಸದಾಶಿವ ರೂಢಿಯಂತೆ ಮಗಳನ್ನು ಅಳಿಸಿದ. ಹೆಗಲ ಮೇಲಿನ ನಾಲ್ಕು ಬೆರಳು ಅಳಿಸಿ ಅಲ್ಲಿಗೆ ಸೆರಗು ಎಳೆದ. ಕುರ್ಚಿ ಹಿಂದೆ ಸರಿಸಿ ನೋಡಿದ. ಮುಖ ಅದೇ, ನಗುವೂ ಅದೇ. ಆದರೆ ತಲೆ ಯಾಕೆ ವಾಲಿದೆ ಎಂಬುದಕ್ಕೆ ಕಾರಣವೇ ಉಳಿದಿರಲಿಲ್ಲ; ಕುತ್ತಿಗೆ ಉಳುಕಿದ ಯಾರೋ ಹೆಂಗಸು ಅಲ್ಲಿದ್ದಳು. ತಲೆಯನ್ನು ನೆಟ್ಟಗೆ ಮಾಡಿದ, ನಗು ಸುಳ್ಳಾಯಿತು. ಪಕ್ಕದಲ್ಲಿ ಜಾಗ ಬಿಟ್ಟ, ಯಾರೋ ಬರುತ್ತಾರೆಂದು ಕಾಯುತ್ತಿರುವವಳಂತೆ ಕಂಡಳು. ಅದನ್ನು ನೋಡಲಾಗದೆ ಬೆರಳುಗಳನ್ನು ಮತ್ತೆ ತಂದು ಕೂರಿಸಿದ.

ಅವನ ಅಕ್ಕ ರಾಚವ್ವ ಸಿಡಿದಳು. "ಬದುಕಿರೋ ಹುಡುಗಿ ಕೈಗೆ ಹಾರ ಹಾಕ್ತೀಯೇನೋ? ಬುದ್ಧಿ ನೆಟ್ಟಗ ಐತಿಲ್ಲೋ ನಿನಗ?"

"ಇರ್ಲಿ ಬಿಡ್ರಿ ಅತ್ತಿ," ಎಂದಳು ಪೂನಮ್. "ನನ್ನ ಕೈಯಾದ್ರೂ ಅವ್ವನ ಹಂತೇಕ ಇರ್ಲಿ."

ಹನ್ನೊಂದನೆಯ ದಿನ ಬಂದವರ ಕಣ್ಣು ಮೊದಲು ಬೆರಳುಗಳಿಗೇ ಹೋಯಿತು. ಆಮೇಲೆ ಮುಖಕ್ಕೆ ಏರಿ ಅಲ್ಲಿಯೇ ನಿಂತಿತು. ಸದಾಶಿವ ಬಾಗಿಲ ಪಕ್ಕ ಕುಳಿತು ಒಬ್ಬೊಬ್ಬರ ಕಣ್ಣನ್ನೂ ಗಮನಿಸುತ್ತಿದ್ದ. ಸುದ್ದಿ ಕೇಳಿ ತಂಗೆವ್ವನೂ ಬಂದಳು, ಈಗ ಕೋಲೂರುವ ಮುದುಕಿ. ಚಿತ್ರದ ಮುಂದೆ ನಿಂತವಳು ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು.

"ಅವತ್ತ ಕತ್ತರಿಸಿದ ತುಂಡು ಇಟ್ಟೀಯೇನೋ ತಮ್ಮಾ? ನನ್ನ ಕೈ ಇತ್ತಲ್ಲ, ಅದು."

ಸದಾಶಿವ ಎದ್ದು ಅವಳ ಹತ್ತಿರ ಬಂದ. "ಇಲ್ರಿ ಅವ್ವಾರ. ಅವತ್ತ ಕಸದಾಗ ಒಗದಬಿಟ್ನಿರಿ."

ತಂಗೆವ್ವ ತಲೆಯಾಡಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ಮಗನ ಫೋಟೋ ಭಾಳ ಚಂದ ಮಾಡಿಕೊಟ್ಟಿಯಪಾ. ಮನಿಗೆ ಬಂದವರೆಲ್ಲಾ ಮಖಾನ ನೋಡತಾರ, ನೀ ಹೇಳಿದಂಗ. ನನಗಷ್ಟ, ಹದಿನಾರು ವರ್ಷ ಆತು, ಬರೇ ಹೆಗಲ ಕಾಣತೈತಿ."