ಅವ್ವನ ತವರಿನಾಕೆ

ಮೊನ್ನೆ ಬಸುರಿ ಮಗಳ ಕುಬಸಕ್ಕೆಂದು ಸೀರೆ ಹುಡುಕುವಾಗ ಟ್ರಂಕಿನ ತಳದಲ್ಲಿ ಹಸಿರು ರವಿಕೆ ಕಣ ಸಿಕ್ಕಿತು. ಡಾಂಬರು ಗುಳಿಗೆಯ ವಾಸನೆ ಹತ್ತಿಬಿಟ್ಟಿತ್ತು. ಅದನ್ನು ಹೊಲಿಸಿಕೊಳ್ಳಲು ನನಗೆ ಮನಸ್ಸೇ ಬಂದಿರಲಿಲ್ಲ... ನನ್ನ ಕುಬಸದ ದಿನ ಅಕ್ಕ ತಂದ ಕಣ ಅದು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಈ ಮಗಳು ಹೊಟ್ಟೆಯಲ್ಲಿದ್ದಾಗ ರಕ್ತ ಪರೀಕ್ಷೆ ಮಾಡಿ ಎಚ್‌ಐವಿ ಇದೆ ಎಂದರು. ನನ್ನ ಗಂಡನಿಗೂ ಇತ್ತು. ಮನೆಯಲ್ಲಿ ಯಾರ ಮುಂದೂ ಬಾಯಿ ಬಿಡಲಿಲ್ಲ. ಇನ್ನು ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ ಎಂದು ನಾನು ಕೂತುಬಿಟ್ಟೆ. ಆಗ ಕೋಗಳಿಯ ನಮ್ಮ ಮನೆ ಹುಡುಕಿಕೊಂಡು ಬಂದವಳು ಅವಳು. ನನ್ನಂಥ ಬಸುರಿಯರು ಆಸ್ಪತ್ರೆಗೆ ಬರುವುದನ್ನು ಬಿಡದಂತೆ ನೋಡಿಕೊಳ್ಳುವುದೇ ಅವಳ ಕೆಲಸ. ಯಾರೆಂದು ಅತ್ತೆ ಕೇಳಿದ್ದಕ್ಕೆ, ಕಣ್ಣು ಮಿಟುಕಿಸದೆ ಸೊಸೆಯ ತವರಿನ ಕಡೆಯವಳೆಂದಳು. ಹಿತ್ತಲಿಗೆ ಬಂದು ನನ್ನ ಕೈ ಹಿಡಿದಳು.

"ನನಗೂ ಐತಿ, ತಂಗಿ. ನೋವು ಬಂದಾಗ ನಿನಗೊಂದು ಗುಳಿಗಿ, ಹುಟ್ಟಿದ ಕೂಸಿಗೆ ಒಂದೀಟು ಔಷಧ. ಕೂಸಿಗೆ ಇದು ಬರಬಾರದಂದ್ರ ಹೆರಿಗಿ ಆಸ್ಪತ್ರ್ಯಾಗ ಆಗ್ಬೇಕು."

ಆಮೇಲೆ ಅವಳೇ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗತೊಡಗಿದಳು. ಅತ್ತೆಯ ಜೊತೆ ಎಲೆ ಅಡಿಕೆ ಹಾಕಿಕೊಂಡು ಹರಟೆಗೆ ಕೂತರೆ ಇಬ್ಬರೂ ಏಳುತ್ತಿರಲಿಲ್ಲ. ಹೀಗಾಗಿ ಏಳನೇ ತಿಂಗಳ ಕುಬಸಕ್ಕೆ ಅತ್ತೆಯೇ ಅವಳನ್ನು ಕರೆದಳು. ಮಾಗಳದಿಂದ ನನ್ನ ನಿಜವಾದ ತವರಿನವರು ಬರುವುದರೊಳಗೆ ಕಣ ಕೊಟ್ಟು ಹೊರಟುಬಿಡುತ್ತೇನೆ ಎಂದು ಅಕ್ಕ ನನಗೆ ಹೇಳಿದ್ದಳು. ಅತ್ತೆ ಬಿಡಬೇಕಲ್ಲ, ಉಣ್ಣಲು ಕೂರಿಸಿದಳು. ಅಷ್ಟರಲ್ಲಿ ಅವ್ವ, ಚಿಕ್ಕಪ್ಪನ ಹೆಂಡತಿ ಚಿಕ್ಕಮ್ಮ ಎಲ್ಲ ಬಂದೇಬಿಟ್ಟರು.

"ನೋಡ್ರಿ, ನಿಮ್ಮಾಕಿ ನಿಮಗಿಂತ ಮೊದಲ ಬಂದಾಳ," ಎಂದು ಅತ್ತೆ ನಕ್ಕಳು.

ಚಿಕ್ಕಮ್ಮ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಕಡೆ ಇಂಥವರು ಯಾರೂ ಇಲ್ಲವಲ್ಲ ಎಂದಳು. ಗುಟ್ಟು ಬಯಲಾದರೆ ಈ ಮನೆಯೂ ಇಲ್ಲ, ತವರೂ ಇಲ್ಲ. ಇನ್ನು ಕೂಸಿನ ಗತಿ... ಅವ್ವ ಅಕ್ಕನನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಮಾಗಳದಾಕಿ ಅಲ್ಲ ಈಕಿ. ನನ್ನ ತವರಿನಾಕಿ," ಎಂದು ಹೋಗಿ ಅಕ್ಕನ ಪಕ್ಕದಲ್ಲೇ ಕೂತಳು.

ತೆಲಿಗಿಯಲ್ಲಿದ್ದ ಅವ್ವನ ತವರು ಎಂದೋ ಬರಿದಾಗಿತ್ತು. ಹೌದು ಅಲ್ಲ ಎನ್ನಲು ಅಲ್ಲಿ ಯಾರೂ ಉಳಿದಿರಲಿಲ್ಲ. ಅಕ್ಕನಿಗೆ ತುತ್ತು ಗಂಟಲಲ್ಲಿ ಸಿಕ್ಕಿತ್ತು. ಅವ್ವ ನೀರಿನ ಚೊಂಬು ಅತ್ತ ಸರಿಸಿದಳು.

ಹೆರಿಗೆಗೆ ನಾನು ಮಾಗಳಕ್ಕೆ ಹೋದ ಮೇಲೆ ಅಕ್ಕ ಅಲ್ಲಿಗೂ ರಾಜಾರೋಷವಾಗಿ ಬಂದಳು. ನೋವು ಶುರುವಾದಾಗ ಚಿಕ್ಕಮ್ಮ ಸೂಲಗಿತ್ತಿಯನ್ನು ಕರೆಯಲು ಹೊರಟಳು. ನಮ್ಮ ತವರಿನಲ್ಲಿ ಎಲ್ಲರೂ ಆಸ್ಪತ್ರೆಯಲ್ಲೇ ಹೆರುವುದು ಎಂದು ಅವ್ವ ನಿಂತ ನಿಲುವಿನಲ್ಲೇ ಒಂದು ಪದ್ಧತಿ ಹುಟ್ಟಿಸಿದಳು. ಅವಳು ನನ್ನನ್ನು ಹೆತ್ತದ್ದು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ! ಹಡಗಲಿಯ ಆಸ್ಪತ್ರೆಯಲ್ಲಿ ನನಗೆ ಗುಳಿಗೆ ಸಿಕ್ಕಿತು, ಕೂಸಿಗೆ ಔಷಧ ಸಿಕ್ಕಿತು. ಒಂದೂವರೆ ವರ್ಷದ ಮೇಲೆ ಮಗಳ ರಕ್ತ ನೋಡಿ, ಇಲ್ಲ ಎಂದರು. ಅಕ್ಕ ಆಸ್ಪತ್ರೆಯ ಕಟ್ಟೆ ಮೇಲೆ ಕೂತು ಅತ್ತಳು, ನಾನು ನಕ್ಕೆ. ಅವ್ವ ಮಾತ್ರ ಯಾಕೆ, ಏನು ಎಂದು ಕೊನೆಯವರೆಗೂ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕ ತೀರಿಕೊಂಡಳು. ಸುದ್ದಿ ಮುಟ್ಟಿದಾಗ ಅವ್ವ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಹೊಯ್ದುಕೊಂಡಳು, ಒಡಹುಟ್ಟಿದವರು ಸತ್ತಾಗ ಮಾಡುವ ಹಾಗೆ. ಒದ್ದೆ ಕೂದಲಲ್ಲೇ ಬಂದು ನನ್ನ ಹತ್ತಿರ ಕೂತಳು.

"ಇನ್ನ ನನಗ ತವರು ಇಲ್ಲ ನೋಡವ್ವ," ಎಂದಳು.

ಈಗ ಅವ್ವನೂ ಇಲ್ಲ. ನಾನು ದಿನಾ ಗುಳಿಗೆ ನುಂಗುತ್ತ, ದುಡಿಯುತ್ತ, ಉಣ್ಣುತ್ತ ಚೆನ್ನಾಗಿಯೇ ಇದ್ದೇನೆ. ಮಗಳು ಕಣವನ್ನು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ಎಲ್ಲಿಯದು ಎಂದು ಕೇಳಿದಳು. ಅಜ್ಜಿಯ ತವರಿನಿಂದ ಬಂದದ್ದು ಎಂದೆ.

"ಹಂಗಾರ ಕುಬಸಕ್ಕ ಅವರನ್ನೂ ಕರೀಬೇಕಲ್ಲವ್ವ," ಎಂದಳು.

ಕರೆಯಬೇಕಿತ್ತು... ಸಂಜೆ ಹೋಗಿ ಕಣವನ್ನು ಮಗಳ ಅಳತೆಗೆ ಹೊಲಿಯಲು ಕೊಟ್ಟು ಬಂದೆ.