ಗಾಡಿ ಹತ್ತದ ಹುಡುಗಿ

ಕಾರ್ಯಕ್ರಮ ತುಂಬ ಚೆನ್ನಾಗಿತ್ತು ಎಂದು ಅರಸೀಕೆರೆಯಲ್ಲಿ ಕಂಡವರೆಲ್ಲ ಹೊಗಳುತ್ತಿದ್ದಾರೆ. ಅದಕ್ಕೇ ಕಳೆದ ಭಾನುವಾರದಿಂದ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ.

ಹೊಗಳಿದರೆ ಊಟ ಯಾಕೆ ಸೇರಬಾರದು? ಕೇಳಲೇಬೇಕಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಮ್ಮೂರಿನ ಆರ್ಕೆಸ್ಟ್ರಾ ನಿಮಗೆ ಗೊತ್ತೇ ಇದೆ. ಗಣೇಶನ ಹಬ್ಬ ಬಂದರೆ ಅವರ ಸೀಸನ್ ಶುರು. ಇಲ್ಲಿಂದ ಬೇಲೂರು, ಹಳೇಬೀಡಿನವರೆಗೆ ಯಾವ ಪೆಂಡಾಲಿನಲ್ಲಿ ಗಣಪತಿ ಕೂತರೂ ಒಂದು ಸಂಜೆ ಇವರದು. ಸಿನಿಮಾ ಹಾಡು, ಮಧ್ಯೆ ಒಂದಿಷ್ಟು ಮಿಮಿಕ್ರಿ, ಕೊನೆಗೆ ಸ್ಟೇಜಿನ ಮುಂದೆ ಹುಡುಗರ ಕುಣಿತ. ಆರ್ಕೆಸ್ಟ್ರಾದ ಯಜಮಾನರು ಗೋವಿಂದರಾಜು. ಹಗಲು ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು, ಸಂಜೆ ಕ್ಲಾರಿಯೊನೆಟ್. ಊದುವಾಗ ಅವರ ಕೆನ್ನೆ ನೋಡಬೇಕು. (ಬೇಡಿ, ಭಯವಾಗುತ್ತದೆ.)

ಈ ವರ್ಷ ಗೋವಿಂದರಾಜು ಅವರ ತಲೆಗೆ ಒಂದು ಹುಳ ಹೊಕ್ಕಿತು. ಹೊಕ್ಕಿದ್ದು ರೇಡಿಯೋದಿಂದ. ಯಾವುದೋ ಪರದೇಶದ ಸಿಂಫನಿ ಆರ್ಕೆಸ್ಟ್ರಾ ಮುಂದಿನ ಸೀಸನ್ನಿನ ಕಛೇರಿಗಳಲ್ಲೆಲ್ಲ ಕಥೆ ಹೇಳುತ್ತದಂತೆ. ಮಾತಿಲ್ಲ, ಹಾಡಿಲ್ಲ, ಬರೀ ವಾದ್ಯ. ಒಂದೊಂದು ವಾದ್ಯ ಒಂದೊಂದು ಪಾತ್ರ. ಅವರು ಹೇಳಬಹುದಾದರೆ ನಾವ್ಯಾಕೆ ಹೇಳಬಾರದು, ನಮ್ಮ ಬಾಯಿಗೇನು ಬೀಗ ಹಾಕಿದೆಯೇ ಎಂದು ಗೋವಿಂದರಾಜು ನಮ್ಮ ಜಗಲಿಯ ಮೇಲೆ ಕೂತು ವಾದಿಸಿದರು. ಬಾಯಿಗೆ ಬೀಗ ಹಾಕುವುದೇ ಅವರ ಯೋಜನೆ ಎಂದು ನಾನು ನೆನಪಿಸಿದೆ. ಅವರು ನಗಲಿಲ್ಲ. ಸಂಗೀತದವರು ತಮ್ಮ ವಿಷಯದಲ್ಲಿ ನಗುವುದಿಲ್ಲ.

ಯಾವ ಕಥೆ ಹೇಳುವುದು? ಪುರಾಣ ಬೇಡ, ಅದಕ್ಕೆ ಹರಿಕಥೆ ದಾಸರಿದ್ದಾರೆ. ಸಿನಿಮಾ ಕಥೆ ಬೇಡ, ಅದಕ್ಕೆ ಟಾಕೀಸಿದೆ. ಆಗ ಕಾಫಿ ಲೋಟ ಎತ್ತಿಕೊಳ್ಳಲು ಬಂದ ನನ್ನ ಹೆಂಡತಿ ಪದ್ಮ, ತನಗೊಂದು ಕಥೆ ಗೊತ್ತಿದೆ ಎಂದಳು.

ಪದ್ಮ ಹಳೇಬೀಡಿನವಳು. ಬಸದಿಯ ಹತ್ತಿರವೇ ತವರುಮನೆ. ಅವಳ ಅಜ್ಜಿ ಹೇಳುತ್ತಿದ್ದ ಕಥೆಯಂತೆ. ಹಿಂದೆ ದಂಡು ಬರುತ್ತದೆಂದು ಸುದ್ದಿಯಾಗಿ ಹಳೇಬೀಡಿನ ಜನ ಊರು ಖಾಲಿ ಮಾಡಿ ಹೊರಟರು. ಒಂದು ಸಂಸಾರವೂ ಗಾಡಿ ಕಟ್ಟಿತು. ಬೇಲೂರು ಸೇರಿ, ದೇವರಿಗೆ ಕೈಮುಗಿದು, ಸದ್ಯ ಬದುಕಿದೆವು ಎಂದು ಗಂಟುಮೂಟೆ ಇಳಿಸಿದರು. ಆಮೇಲೆ ನೋಡಿದರೆ ಮಗಳೇ ಇಲ್ಲ. ಅಜ್ಜನ ಪಕ್ಕ ಕೂತಿದ್ದಾಳೆಂದು ಅಮ್ಮ ತಿಳಿದಿದ್ದಳು. ಅಮ್ಮನ ಮಡಿಲಲ್ಲಿದ್ದಾಳೆಂದು ಅಜ್ಜ ತಿಳಿದಿದ್ದ. ಹುಡುಗಿ ಖಾಲಿ ಊರಿನಲ್ಲಿ ಒಬ್ಬಳೇ ಉಳಿದಿದ್ದಳು. ಅಪ್ಪ ಬಂದ ದಾರಿಯಲ್ಲೇ ವಾಪಸು ಓಡಿದ.

ಗೋವಿಂದರಾಜು ಕಣ್ಣು ಮುಚ್ಚಿ ಕೇಳಿದರು. ಕಣ್ಣು ಬಿಟ್ಟಾಗ ಪಾತ್ರ ಹಂಚಿಯಾಗಿತ್ತು. ಅಪ್ಪ ಕ್ಲಾರಿಯೊನೆಟ್, ಅಮ್ಮ ಕೊಳಲು, ಅಜ್ಜ ಅಕಾರ್ಡಿಯನ್, ಎತ್ತಿನ ಗಾಡಿ ತಬಲ. ಹುಡುಗಿ? ಹುಡುಗಿ ಪಿಟೀಲು.

ನಮ್ಮ ಮನೆಯ ಅಟ್ಟದ ಮೇಲೆ ಒಂದು ಪಿಟೀಲು ಇರುವುದು ಅವರಿಗೆ ಗೊತ್ತಿತ್ತು. ಪದ್ಮ ಮದುವೆಗೆ ಮುಂಚೆ ಕ್ರಮವಾಗಿ ಕಲಿತವಳು. ಮದುವೆಯಾದ ಮೇಲೆ ನುಡಿಸಬೇಡ ಎಂದು ಯಾರೂ ಹೇಳಿರಲಿಲ್ಲ. ನುಡಿಸು ಎಂದೂ ಯಾರೂ ಹೇಳಿರಲಿಲ್ಲ. ಪೆಟ್ಟಿಗೆ ಮೇಲೆ ಹೋಯಿತು, ಅಲ್ಲೇ ಇತ್ತು, ಅಷ್ಟೆ.

ನನ್ನ ಪುಕ್ಕಲುತನ ಈ ಅಂಕಣ ಓದುವ ನಿಮಗೆ ಹೊಸದಲ್ಲ.  ತಾಲ್ಲೂಕು ಆಫೀಸಿನ ಗುಮಾಸ್ತನ ಹೆಂಡತಿ ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡಿನ ಹುಡುಗರ ಮಧ್ಯೆ ಕೂತರೆ ಜನ ಏನೆಂದಾರು? ಕೈ ತಪ್ಪಿದರೆ? ಹಿಂದಿನಿಂದ ಯಾರಾದರೂ ಸಿಳ್ಳೆ ಹಾಕಿದರೆ? ನಮ್ಮ ಅಮ್ಮ ಬೇಡವೆಂದಾರು ಎಂಬ ಒಂದು ಆಸೆಯಿತ್ತು. ಅಮ್ಮನೂ ಕೈಕೊಟ್ಟರು. ಅಟ್ಟದಲ್ಲಿ ಇಲಿ ಕಡಿಯುವುದಕ್ಕಿಂತ ಯಾರಾದರೂ ನುಡಿಸಿದರೆ ವಾಸಿಯಲ್ಲವೇನೋ ಎಂದರು.

ಪದ್ಮ ಅಭ್ಯಾಸ ಶುರು ಮಾಡಿದಳು. ಮೊದಲ ವಾರ ಪಕ್ಕದ ಮನೆಯವರು ಬಾವಿಯ ರಾಟೆಗೆ ಎಣ್ಣೆ ಬಿಡಬಾರದೇ ಎಂದು ಕೇಳಿದರು. ಆಮೇಲೆ ಕೇಳುವುದು ಬಿಟ್ಟರು. ಇನ್ನೂ ಸ್ವಲ್ಪ ದಿನ ಕಳೆದ ಮೇಲೆ ನುಡಿಸುವ ಹೊತ್ತಿಗೆ ಸರಿಯಾಗಿ ಬಂದು ನಮ್ಮ ಹಿತ್ತಿಲ ಬಾಗಿಲಲ್ಲಿ ಕೂರತೊಡಗಿದರು.

ಅವಳ ಭಾಗ ಇಷ್ಟು. ಮೊದಲ ದೃಶ್ಯದಲ್ಲಿ ಅಂಗಳದಲ್ಲಿ ಆಡುವ ಹುಡುಗಿಯ ಚಿಕ್ಕದೊಂದು ರಾಗದ ತುಣುಕು. ಆಮೇಲೆ ಗಾಡಿ ಹೊರಡುತ್ತದೆ. ಅದರಲ್ಲಿ ಅಪ್ಪ, ಅಮ್ಮ, ಅಜ್ಜ ಎಲ್ಲರ ವಾದ್ಯವೂ ಕೇಳುತ್ತದೆ, ಪಿಟೀಲು ಮಾತ್ರ ಇಲ್ಲ. ಅದಿಲ್ಲ ಎಂದು ಜನ ತಾವಾಗಿಯೇ ಗಮನಿಸಬೇಕು, ಅದೇ ಕಥೆಯ ಗುಟ್ಟು. ಬೇಲೂರು ಸೇರುತ್ತಾರೆ, ದೇವರಿಗೆ ಕೈಮುಗಿಯುತ್ತಾರೆ. ಒಂದು ಕ್ಷಣ ಎಲ್ಲ ನಿಶ್ಶಬ್ದ. ಅಲ್ಲಿಂದ ಮುಂದಕ್ಕೆ ಪೂರ್ತಿ ಪದ್ಮಳದು. ಖಾಲಿ ಊರಿನಲ್ಲಿ ಒಂಟಿ ಹುಡುಗಿ, ಒಂಟಿ ಪಿಟೀಲು. ಕಡೆಗೆ ಅಪ್ಪನ ಕ್ಲಾರಿಯೊನೆಟ್ ಬಂದು ಸೇರುವವರೆಗೆ ಅವಳೊಬ್ಬಳೇ.

ಮನೆಯಲ್ಲಿ ಅದನ್ನು ಮೊದಲ ಸಲ ಪೂರ್ತಿಯಾಗಿ ಕೇಳಿದ ದಿನ ನಾನು ಕೈಯಲ್ಲಿದ್ದ ಪೇಪರ್ ಮಡಿಸಿಟ್ಟೆ. ಇವಳು ನನಗೆ ಗೊತ್ತಿರುವ ಪದ್ಮ ಹೌದೋ ಅಲ್ಲವೋ ಎಂದು ನೋಡಿದೆ. ಹೆದರಿಕೆಯಾಯಿತು. ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೇ ಆಗುತ್ತವೆಂದು ಅವತ್ತು ತಿಳಿಯಿತು.

ಕಳೆದ ಭಾನುವಾರ ಸಂಜೆ ಸ್ಟೇಷನ್ ಹತ್ತಿರದ ಹಾಲಿನಲ್ಲಿ ಟ್ರಯಲ್. ಪ್ರತಿವರ್ಷ ಹಬ್ಬಕ್ಕೆ ಮುಂಚೆ ಇದು ನಡೆಯುತ್ತದೆ. ಸುತ್ತಲಿನ ಊರುಗಳ ಗಣಪತಿ ಕಮಿಟಿಯವರು ಬಂದು ಕೇಳುತ್ತಾರೆ. ಒಪ್ಪಿಗೆಯಾದರೆ ಅಲ್ಲೇ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಕೊಡುತ್ತಾರೆ. ವೀಳ್ಯ ಹಿಡಿದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ವೀಳ್ಯ ಬರದಿದ್ದರೆ ಸೀಸನ್ ಇಲ್ಲ. ಹಗರೆ, ಬಿಕ್ಕೋಡು, ಗೆಂಡೆಹಳ್ಳಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಗೋವಿಂದರಾಜು ಕ್ಲಾರಿಯೊನೆಟ್ ಒರೆಸಿದ್ದನ್ನೇ ಒರೆಸುತ್ತಿದ್ದರು. ನಾನು ಹೊರಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಂಡೆ. ಪದ್ಮ ತನ್ನ ಪಾಡಿಗೆ ಶ್ರುತಿ ಮಾಡಿಕೊಂಡಳು.

ಹಳೇಬೀಡಿನಿಂದ ಬೇಲೂರಿಗೆ ಹೊರಟ ಸಂಸಾರದ ಕಥೆ ಎಂದೂ, ಯಾರು ಯಾವ ವಾದ್ಯ ಎಂದೂ ಮೈಕಿನಲ್ಲಿ ಹೇಳಿ, ಶುರು ಮಾಡಿದರು. ಅಂಗಳ ಬಂತು, ಹುಡುಗಿ ಆಡಿದಳು. ಸುದ್ದಿ ಬಂತು. ಗಾಡಿ ಹೊರಟಿತು. ತಬಲದವನು ಎತ್ತಿನ ಹೆಜ್ಜೆ ಎಷ್ಟು ಚೆನ್ನಾಗಿ ನುಡಿಸಿದನೆಂದರೆ ಹಗರೆಯ ಕಮಿಟಿ ಅಧ್ಯಕ್ಷರು ಕೂತಲ್ಲೇ ಅಲ್ಲಾಡತೊಡಗಿದರು. ಪದ್ಮ ಪಿಟೀಲನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದಳು. ಗಾಡಿ ಬೇಲೂರು ಸೇರಿತು. ಗುಡಿಯ ಗಂಟೆ ಕೇಳಿಸಿತು. ಎಲ್ಲರೂ ಸೇರಿ ದೇವರಿಗೆ ಕೈಮುಗಿಯುವ ಜಾಗಕ್ಕೆ ಗೋವಿಂದರಾಜು ಮಧ್ಯಮಾವತಿ ರಾಗ ಎತ್ತಿಕೊಂಡರು.

ಅಲ್ಲಿ ಎಡವಟ್ಟಾಯಿತು.

ಹರಿಕಥೆಯಿರಲಿ, ಕಛೇರಿಯಿರಲಿ, ನಮ್ಮಲ್ಲಿ ಕೊನೆಗೆ ಮಂಗಳ. ಮಂಗಳ ಎಂದರೆ ಮಧ್ಯಮಾವತಿ. ನಮ್ಮ ಜನಕ್ಕೆ ರಾಗದ ಹೆಸರು ಗೊತ್ತಿಲ್ಲದಿರಬಹುದು, ಆದರೆ ಕಾಲಿಗೆ ಗೊತ್ತು. ಕಿವಿಗೆ ಬಿದ್ದ ಕೂಡಲೇ ಕಾಲು ಎದ್ದು ನಿಲ್ಲುತ್ತದೆ. ಮೊದಲು ಹಿಂದಿನ ಸಾಲಿನ ಹೆಂಗಸರು ಎದ್ದರು. ನಿದ್ದೆ ಹೋಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಹಾಲಿಗೆ ಹಾಲೇ ಎದ್ದು ಕೈಮುಗಿದು ನಿಂತಿತು. ತಬಲದವನು ವರ್ಷಗಟ್ಟಲೆ ಹರಿಕಥೆಗೆ ನುಡಿಸಿದವನು. ಜನ ಎದ್ದದ್ದು ನೋಡಿ ಅವನ ಕೈ ತಾನಾಗಿಯೇ ಮುಕ್ತಾಯ ಹಾಕಿಬಿಟ್ಟಿತು. ಚಪ್ಪಾಳೆಯೋ ಚಪ್ಪಾಳೆ.

ಪದ್ಮ ಆಗ ತಾನೇ ಪಿಟೀಲು ಎತ್ತಿ ಕಮಾನು ಹಿಡಿದಿದ್ದಳು.

ಗೋವಿಂದರಾಜು ಜನರನ್ನು ನೋಡಿದರು, ಪದ್ಮಳನ್ನು ನೋಡಿದರು, ಕ್ಲಾರಿಯೊನೆಟ್ ಕೆಳಗಿಟ್ಟು ಕೈಮುಗಿದರು. ಬೇರೇನು ಮಾಡಲು ಸಾಧ್ಯವಿತ್ತು? ಅರ್ಧ ಜನ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅಷ್ಟರಲ್ಲಿ ಹಗರೆಯ ಅಧ್ಯಕ್ಷರು ತಟ್ಟೆ ಹಿಡಿದು ಸ್ಟೇಜ್ ಹತ್ತಿದರು.

"ಬಲು ಚೆನ್ನಾಗಿತ್ತು ಸ್ವಾಮಿ. ಪಾಪ, ಎಲ್ಲಾರೂ ಕ್ಷೇಮವಾಗಿ ಬೇಲೂರು ಸೇರ್ಕೊಂಡ್ರಲ್ಲ, ಮನ್ಸಿಗೆ ನೆಮ್ಮದಿ ಆಯ್ತು. ಹಬ್ಬ ಹತ್ರಾನೇ ಐತೆ. ನಮ್ಮೂರಾಗೂ ಇದ್ನೇ ನುಡಿಸ್ಬೇಕು, ಒಂಚೂರೂ ಹೆಚ್ಚುಕಮ್ಮಿ ಮಾಡ್ಬ್ಯಾಡಿ."

ಹಿಂದೆಯೇ ಬಿಕ್ಕೋಡಿನ ತಟ್ಟೆ. ಅದರ ಹಿಂದೆ ಗೆಂಡೆಹಳ್ಳಿಯದು. ಗೋವಿಂದರಾಜು ಮೂರನ್ನೂ ಹಿಡಿದರು.

ನೋಡಿದಿರಾ? ಹಾಲಿನ ತುಂಬ ಜನ. ಎಲ್ಲರಿಗೂ ಮೈಕಿನಲ್ಲಿ ಹೇಳಿಯಾಗಿತ್ತು, ಮಗಳು ಪಿಟೀಲು ಎಂದು. ಗಾಡಿಯಲ್ಲಿ ಪಿಟೀಲಿಲ್ಲ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಮಗಳನ್ನು ಹಾಳೂರಿನಲ್ಲಿ ಬಿಟ್ಟು, ನೆಮ್ಮದಿಯಾಗಿ ಕೈಮುಗಿದು, ಎಲ್ಲರೂ ಮನೆಗೆ ಹೋದರು.

ಇಲ್ಲ, ಒಬ್ಬರಿಗೆ ಅನ್ನಿಸಿತು. ದಾರಿಯಲ್ಲಿ ಅಮ್ಮ ನನ್ನನ್ನು ಕೇಳಿದರು. "ಎಲ್ಲಾ ಚೆನ್ನಾಗಿತ್ತು ಕಣೋ. ಅದಿರ್ಲಿ, ಪದ್ಮ ನುಡಿಸಿದ್ದು ಯಾವಾಗ?" ಪದ್ಮ ಎರಡು ಹೆಜ್ಜೆ ಮುಂದೆ ಪೆಟ್ಟಿಗೆ ಹಿಡಿದು ನಡೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

ಸೋಮವಾರ ಗೋವಿಂದರಾಜು ಬಂದರು.  ವೀಳ್ಯ ಹಿಡಿದಾಗಿದೆ, ವಾಪಸು ಕೊಡುವ ಹಾಗಿಲ್ಲ, ಕೇಳಿದಷ್ಟನ್ನೇ ನುಡಿಸಬೇಕು ಎಂದು ಮೂರು ಊರಿನವರದೂ ಒಂದೇ ಮಾತು ಎಂದರು. ಬೇರೆ ರಾಗ ಹಾಕಬಾರದೇ ಎಂದೆ. ರಾಗ ಬದಲಾಯಿಸಿದರೆ ಕಥೆ ಉದ್ದವಾಗುತ್ತದೆ, ಹುಡುಗಿ ಕಳೆದುಹೋಗುತ್ತಾಳೆ, ಹಬ್ಬದ ದಿನ ಹೆಣ್ಣುಮಗು ಕಳೆದುಹೋಗುವ ಅಪಶಕುನ ಯಾರಿಗೆ ಬೇಕು ಎಂದು ಕಮಿಟಿಯವರು ಜಗಳಕ್ಕೆ ಬರುತ್ತಾರಂತೆ. ಗೋವಿಂದರಾಜು ಹೇಳಿದ್ದರಲ್ಲೂ ಸುಳ್ಳಿಲ್ಲ. ಒಂದು ಊರಿನಲ್ಲಿ ಗಲಾಟೆಯಾದರೆ ಮುಂದಿನ ವರ್ಷ ಯಾವ ಊರಿನವರೂ ಕರೆಯುವುದಿಲ್ಲ. ಆರ್ಕೆಸ್ಟ್ರಾದ ಹುಡುಗರೆಲ್ಲ ಇದನ್ನೇ ನಂಬಿಕೊಂಡಿದ್ದಾರೆ.

ಆಮೇಲೆ ಪದ್ಮಳ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡಿ ಪದ್ಮಮ್ಮ. ಒಂದು ಉಪಾಯ ಇದೆ. ಹುಡುಗೀನೂ ಗಾಡಿ ಹತ್ತಿಸಿಬಿಡೋಣ. ಎಲ್ಲರ ಜೊತೆ ನೀವೂ ನುಡಿಸ್ತಾ ಹೋಗಿ. ಯಾರೂ ಕಳೆದುಹೋದ ಹಾಗಾಗಲ್ಲ."

ನಿಜ ಹೇಳಲೇ? ನನಗೆ ಜೀವ ಬಂದ ಹಾಗಾಯಿತು. ಎಷ್ಟು ಸುಲಭ! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪದ್ಮ ಸ್ಟೇಜಿನ ಮೇಲಿರುತ್ತಾಳೆ, ಗುಂಪಿನಲ್ಲಿರುತ್ತಾಳೆ, ತಪ್ಪಿದರೂ ಕೇಳಿಸುವುದಿಲ್ಲ, ಸಿಳ್ಳೆ ಬೀಳುವುದಿಲ್ಲ. ಒಳ್ಳೆಯ ಉಪಾಯ ಎಂದು ತಲೆಯಾಡಿಸಿಯೂಬಿಟ್ಟೆ.

ಪದ್ಮ ಕೇಳಿದ್ದು ಒಂದೇ ಮಾತು. "ಗಾಡಿ ಹತ್ತಿಬಿಟ್ರೆ ಅವಳಿಗೆ ಹೇಳೋಕೆ ಏನಿರುತ್ತೆ?"

 ಶನಿವಾರ ಸಂಜೆಯ ಬಸ್ಸಿನಲ್ಲಿ ಹಗರೆಗೆ ಹೊರಡಬೇಕು ಎಂದಷ್ಟೇ ಹೇಳಿ ಗೋವಿಂದರಾಜು ಎದ್ದರು. ಕಾಫಿ ಕುಡಿಯಲಿಲ್ಲ.

ಅಂದಿನಿಂದ ನೋಡುತ್ತಿದ್ದೇನೆ, ನಮ್ಮಲ್ಲಿ ಎಷ್ಟು ಗಾಡಿಗಳು ಹೀಗೆಯೇ ಬೇಲೂರು ಸೇರುತ್ತವೆ. ಆಫೀಸಿನಲ್ಲಿ ಮೀಟಿಂಗ್ ಆಗುತ್ತದೆ, ಎಲ್ಲರೂ ಒಪ್ಪಿದರು ಎಂದು ಬರೆಯುತ್ತೇವೆ. ಬಾಯೇ ತೆರೆಯದವರನ್ನೂ ಅದರಲ್ಲಿ ಸೇರಿಸುತ್ತೇವೆ. ಮನೆಯಲ್ಲಿ ಮದುವೆ ಮಾತುಕತೆಯಾಗುತ್ತದೆ, ಮನೆಯವರೆಲ್ಲ ಸಂತೋಷವಾಗಿದ್ದಾರೆ ಎನ್ನುತ್ತೇವೆ. ಒಳಗಿನ ಕೋಣೆಯಲ್ಲಿ ಕೂತ ಹುಡುಗಿಯನ್ನು ಕೇಳಿದವರು ಯಾರು? ಜಗಳವಿಲ್ಲದಿದ್ದರೆ ಸುಖವಿದೆ ಎಂದು ತಿಳಿಯುವುದು ನಮ್ಮ ರೂಢಿ. (ನನ್ನ ರೂಢಿ ಎಂದು ಓದಿಕೊಳ್ಳಿ, ನಿಮ್ಮ ಮೇಲೆ ಯಾಕೆ ಹಾಕಲಿ?)

ಪದ್ಮ ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಇಲ್ಲ. ಗಾಡಿಯ ಜೊತೆ ನುಡಿಸುವ ಹೊಸ ಭಾಗವನ್ನು ಗೋವಿಂದರಾಜು ಬರೆದು ಕಳಿಸಿದ್ದಾರೆ. ಅದು ರೇಡಿಯೋ ಪಕ್ಕದಲ್ಲಿ ಬಿದ್ದಿದೆ. ನಾನು ಆಫೀಸಿಗೆ ಹೋದ ಮೇಲೆ ಅವಳು ಹಳೆಯದನ್ನೇ ನುಡಿಸುತ್ತಾಳೆ, ಒಂಟಿ ಹುಡುಗಿಯ ಭಾಗವನ್ನು, ಎಂದು ಅಮ್ಮ ಹೇಳಿದರು. ಮೊದಲಿಗಿಂತ ಜೋರಾಗಿ ನುಡಿಸುತ್ತಾಳಂತೆ.

ನನಗೆ ಊಟ ಸೇರದಿರುವುದು ಇದಕ್ಕೇ. ಇವಳ ಮನಸ್ಸಿನಲ್ಲಿ ಏನಿದೆ? ಹಗರೆಯವರ ಎದುರು ಏನು ಮಾಡುತ್ತಾಳೆ? ಅಧ್ಯಕ್ಷರಿಗೆ ಸಿಟ್ಟು ಬಂದರೆ? ಗೋವಿಂದರಾಜು ಮಾತು ತಪ್ಪಿದವರಾದರೆ?

ನಿನ್ನೆ ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. ಪದ್ಮ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

ವೀಳ್ಯ ಕೊಟ್ಟದ್ದು ಮಂಗಳದವರೆಗೆ ತಾನೇ, ಅಲ್ಲಿಯವರೆಗೆ ಅವರು ಕೇಳಿದ ಹಾಗೇ ಆಗಲಿ, ನಾನು ಸುಮ್ಮನೆ ಕೂತಿರುತ್ತೇನೆ ಎಂದಳು. ಜನ ಎದ್ದು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ನನ್ನದು ಶುರುವಾಗುತ್ತದೆ ಎಂದಳು. ಕೇಳುವವರು ಇಲ್ಲದಿದ್ದರೂ ಪರವಾಗಿಲ್ಲ, ಖಾಲಿ ಊರಿನ ಹುಡುಗಿ ತಾನೇ ಎಂದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ಎಲ್ರೂ ಏಳ್ತಾರೆ. ನೀವೊಬ್ರು ಕೂತಿರ್ತೀರೇನ್ರಿ?"

ಹೂಂ ಎಂದೆ. ಎನ್ನುವುದೇನು ದೊಡ್ಡದು? ಮಂಗಳಕ್ಕೆ ಏಳದೆ ಕೂತವನನ್ನು ನಮ್ಮ ಕಡೆ ಏನೆನ್ನುತ್ತಾರೆಂದು ನಿಮಗೆ ಗೊತ್ತು. ಎದ್ದು ನಿಲ್ಲಲು ಧೈರ್ಯ ಬೇಕು ಎಂದು ಎಲ್ಲರೂ ಭಾಷಣ ಮಾಡುತ್ತಾರೆ. ಊರಿಗೆ ಊರೇ ಎದ್ದು ನಿಂತಾಗ ಹೆಂಡತಿಗಾಗಿ ಒಬ್ಬನೇ ಕೂತಿರಲು ಎಷ್ಟು ಧೈರ್ಯ ಬೇಕೆಂದು ನಿಮ್ಮಲ್ಲಿ ಯಾವ ಗಂಡಸಿಗಾದರೂ ಗೊತ್ತಿದೆಯೇ?