ಮುಳ್ಳೇರಿಯದಲ್ಲಿ ಚಳಿ ಕಂಡ ಇಬ್ಬರು

ಮುಳ್ಳೇರಿಯ ಪೇಟೆಯಲ್ಲಿ ಸ್ಟೌ ರಿಪೇರಿ ಮಾಡುವ ಮುದ್ದಣ್ಣ ಹತ್ತೊಂಬತ್ತು ವರ್ಷ ಸೈನ್ಯದಲ್ಲಿ ಇದ್ದವರು. ಅದರಲ್ಲಿ ಎರಡು ಚಳಿಗಾಲಗಳನ್ನು ಲಡಾಖಿನ ಒಂದು ಠಾಣೆಯಲ್ಲಿ, ಹದಿನೈದು ಸಾವಿರ ಅಡಿ ಎತ್ತರದಲ್ಲಿ ಕಳೆದಿದ್ದರು. 2004ರಲ್ಲಿ ಹವಾಲ್ದಾರರಾಗಿ ನಿವೃತ್ತಿ ಹೊಂದಿ ಊರಿಗೆ ಬಂದ ಮೇಲೆ ಆ ಎರಡು ಚಳಿಗಾಲಗಳೇ ಅವರ ಆಸ್ತಿಯಾದವು. ನಮ್ಮಲ್ಲಿ ಡಿಸೆಂಬರಿನ ಬೆಳಿಗ್ಗೆ ಉಷ್ಣತೆ ಇಪ್ಪತ್ತು ಡಿಗ್ರಿಗೆ ಇಳಿದರೆ ಜನ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಮಹಾಗಣಪತಿ ಭಟ್ಟರ ಹೋಟೆಲಿನಲ್ಲಿ ಯಾರಾದರೂ "ಇವತ್ತು ಚಳಿ ಉಂಟು" ಎಂದರೆ ಸಾಕು, ಉಳಿದವರ ಮುಖ ತಾನಾಗಿ ಮುದ್ದಣ್ಣನ ಕಡೆ ತಿರುಗುತ್ತಿತ್ತು.

"ಚಳಿಯಾ?" ಎಂದು ಅವರು ಚಹಾದ ಗ್ಲಾಸನ್ನು ಕೆಳಗಿಡುತ್ತಿದ್ದರು. ಅನಂತರ ಕಲ್ಲಾದ ಕೋಳಿಮೊಟ್ಟೆ, ಬಂದೂಕಿನ ಕಬ್ಬಿಣಕ್ಕೆ ಅಂಟಿ ಕಿತ್ತುಬಂದ ಅಂಗೈಯ ಚರ್ಮ, ಬಕೆಟ್ಟಿನಲ್ಲಿ ಕರಗಿಸಿ ಕುಡಿದ ಹಿಮ. ಕತೆಗಳು ಬದಲಾಗುತ್ತಿರಲಿಲ್ಲ, ಅಂಕಿಗಳು ಮಾತ್ರ ಬದಲಾಗುತ್ತಿದ್ದವು. 2005ರಲ್ಲಿ ನಾನು ಮೊದಲ ಸಲ ಕೇಳಿದಾಗ ಮೈನಸ್ ಇಪ್ಪತ್ತೆಂಟು ಇದ್ದ ಚಳಿ 2014ರ ಹೊತ್ತಿಗೆ ಮೈನಸ್ ನಲವತ್ತಕ್ಕೆ ಇಳಿದಿತ್ತು. ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನಿಸಲು ಚಳಿ ಕಂಡ ಇನ್ನೊಬ್ಬ ಬೇಕಲ್ಲ.

2015ರ ನವೆಂಬರಿನಲ್ಲಿ ಯೋಗೀಶ್ ಮುದ್ದಣ್ಣನ ಅಂಗಡಿಗೆ ಬಂದ. ಮೂವತ್ತನಾಲ್ಕು ವರ್ಷದ, ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ರಬ್ಬರ್ ಮರಗಳಿಗೆ ಗಾಯ ಮಾಡಿ, ಚಿಪ್ಪು ಕಟ್ಟಿ ಹಾಲು ತೆಗೆಯುವುದು, ಆಮೇಲೆ ಸುತ್ತಲಿನವರ ರಬ್ಬರ್ ಶೀಟುಗಳನ್ನು ಹೊಗೆಗೂಡಿನಲ್ಲಿ ಒಣಗಿಸಿ ಕೊಡುವುದು ಅವನ ಕೆಲಸ.

"ಮುದ್ದಣ್ಣ, ತಗಡಿನ ಒಲೆ ಒಂದು ಮಾಡಿ ಕೊಡ್ಲಿಕ್ಕೆ ಆಗ್ತದಾ? ಡೇರೆಯ ಒಳಗೆ ಇಡುವಂಥದ್ದು. ಹೊಗೆ ಹೋಗ್ಲಿಕ್ಕೆ ಕೊಳವೆ ಬೇಕು."

"ಡೇರೆಯಾ? ಎಂತಕ್ಕೆ? ಸರ್ಕಸ್ ಸೇರಿದ್ಯಾ?"

"ಫೆಬ್ರವರಿಯಲ್ಲಿ ಎಲೆ ಉದುರಿ ಟ್ಯಾಪಿಂಗ್ ನಿಲ್ತದಲ್ಲ, ಆಗ ಹಿಮಾಚಲಕ್ಕೆ ಹೋಗ್ತೇನೆ. ಸ್ಪಿತಿ ಅಂತ ಜಾಗ. ಹಿಮದ ಮೇಲೆ ಡೇರೆ ಹಾಕಿ ಮೂರು ದಿನ ಒಬ್ಬನೇ ಇರುದು."

"ಯಾರು ಕಳಿಸುದು ನಿನ್ನನ್ನು?"

"ಯಾರೂ ಇಲ್ಲ. ನಾನೇ ಹೋಗುದು."

"ಯಾಕೆ?"

ಯೋಗೀಶ್ ಸ್ವಲ್ಪ ನಾಚಿಕೊಂಡ. ಹೊರಗೆ ಹಿಮ ಬೀಳುತ್ತಿರುವಾಗ ಡೇರೆಯೊಳಗೆ ಒಲೆ ಉರಿಸಿ ಒಬ್ಬನೇ ಕೂತ ಯಾರದೋ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿದ್ದನಂತೆ. "ನಮ್ಮಲ್ಲಿ ಬೆವರುದು ಒಂದೇ ಅಲ್ವಾ ಮುದ್ದಣ್ಣ. ಬೆಚ್ಚಗೆ ಅಂದ್ರೆ ಎಂತ ಅಂತ ನನಗೆ ಗೊತ್ತೇ ಇಲ್ಲ. ಒಂದು ಸಲ ಬೆಚ್ಚಗೆ ಕೂತು ನೋಡ್ಬೇಕು."

ಮುದ್ದಣ್ಣನಿಗೆ ಅರಗದೇ ಹೋದದ್ದು ಇದು. ತಾವು ಆಜ್ಞೆಯ ಮೇಲೆ ಹೋಗಿದ್ದ ಚಳಿಗೆ ಇವನು ಖುಷಿಗೆ ಹೋಗುತ್ತಾನೆ. ತಮ್ಮ ಡೇರೆಯಲ್ಲಿ ನಾಲ್ಕು ಜನ, ಎರಡೆರಡು ಗಂಟೆಗೆ ಪಾಳಿ, ಎದ್ದರೆ ಹಿಮ, ಮಲಗಿದರೆ ಎದ್ದೇಳುವ ಚಿಂತೆ. ಇವನಿಗೆ ಪಾಳಿಯಿಲ್ಲ, ಮೇಲಧಿಕಾರಿಯಿಲ್ಲ. ಬೇಸರವಾದರೆ ಮಡಚಿಕೊಂಡು ಬರಬಹುದು.

ಆದರೂ ಒಲೆಯನ್ನು ಚೆನ್ನಾಗಿಯೇ ಮಾಡಿದರು. ಕೆಟ್ಟ ಕೆಲಸ ಅವರ ಕೈಯಿಂದ ಬರುವುದಿಲ್ಲ. ಆರು ಕಿಲೋ ತೂಕದ ಮಡಚುವ ಒಲೆ, ಒಂದರೊಳಗೊಂದು ಕೂರುವ ನಾಲ್ಕು ತುಂಡು ಕೊಳವೆ, ಬಾಗಿಲಿನಲ್ಲಿ ಗಾಳಿ ಹೆಚ್ಚು ಕಡಿಮೆ ಮಾಡುವ ಜಾರುತಗಡು. ಹೊಸಂಗಡಿಯಲ್ಲಿ ಲಾರಿಗೆ ಟರ್ಪಾಲು ಹೊಲಿಯುವವರು ದಪ್ಪ ಕ್ಯಾನ್ವಾಸಿನ ಡೇರೆ ಹೊಲಿದುಕೊಟ್ಟರು. ಕೊಳವೆ ಹೊರಹೋಗುವಲ್ಲಿ ಸುಡದ ಬಟ್ಟೆಯ ಉಂಗುರ, ಡೇರೆಯ ಮೇಲ್ತುದಿಯ ಹತ್ತಿರ ಒಂದು ಗಾಳಿಕಂಡಿ.

ಈ ನಡುವೆ ಹೋಟೆಲಿನ ಗಾಳಿ ಬದಲಾಯಿತು. ಅಲ್ಲಿ ಎಷ್ಟು ಚಳಿ, ಸ್ನಾನಕ್ಕೆ ಎಂತ ಮಾಡ್ತಿ, ಚಿರತೆ ಬಂದರೆ? ಪ್ರಶ್ನೆಗಳೆಲ್ಲ ಯೋಗೀಶನಿಗೆ. ಮುದ್ದಣ್ಣ ಮೂಲೆಯಲ್ಲಿ ಕೂತು ಪತ್ರಿಕೆ ಓದುವವರಂತೆ ಇರುತ್ತಿದ್ದರು. ಒಂದು ದಿನ ತಡೆಯಲಾಗದೆ ಕೇಳಿದರು: "ಅಲ್ಲಿ ಹೋಗಿ ಎಂತ, ದೇವದಾರು ಮರಕ್ಕೆ ಚಿಪ್ಪು ಕಟ್ಟಿ ಹಾಲು ತೆಗಿಯುದಾ?" ಎಲ್ಲರೂ ನಕ್ಕರು. ಯೋಗೀಶನೂ ನಕ್ಕ. ಅವನು ನಕ್ಕದ್ದರಿಂದ ಮುದ್ದಣ್ಣನಿಗೆ ಇನ್ನೂ ಸಿಟ್ಟು ಬಂತು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಯೋಗೀಶ್ ರಬ್ಬರ್ ತೋಟದಲ್ಲಿ ಡೇರೆ ಹಾಕಿ ಒಲೆ ಹಚ್ಚಿ ನೋಡಿದ. ಹೋಟೆಲಿನ ಅರ್ಧ ಗಿರಾಕಿಗಳು ಅಲ್ಲಿದ್ದರು. ಹೊರಗೆ ಇಪ್ಪತ್ತೊಂಬತ್ತು ಡಿಗ್ರಿ. ಒಳಗೆ ನಲವತ್ತೇಳಾದಾಗ ಅವನು ಅಂಗಿ ಹಿಂಡುತ್ತಾ ಹೊರಬಂದ.

"ಯೋಗೀಶಾ, ಮನೆಯಲ್ಲಿ ಹಲಸಿನ ಹಪ್ಪಳ ಉಂಟು, ಒಳಗೆ ಹರಡ್ಲಾ?" ಎಂದರು ಮಹಾಗಣಪತಿ ಭಟ್ಟರು.

ನಗುವಿನ ನಡುವೆ ಮುದ್ದಣ್ಣ ಬಗ್ಗಿ ಡೇರೆಯೊಳಗೆ ನೋಡಿದರು. ನೋಡಿದವರು ಹಾಗೆಯೇ ನಿಂತರು.

ಯೋಗೀಶ್ ಬೆಂಕಿ ಹಾಕಿದ್ದು ಹೊಗೆಗೂಡಿನ ಕ್ರಮದಲ್ಲಿ. ರಬ್ಬರ್ ಶೀಟು ಒಣಗಲು ನಾಲ್ಕು ದಿನ ಬೇಕು. ಬೆಂಕಿ ಜ್ವಾಲೆ ಏಳಬಾರದು, ಆರಲೂಬಾರದು. ಅದಕ್ಕೆ ದಪ್ಪ ಕೊರಡು ಇಟ್ಟು, ಗಾಳಿ ಬರುವ ಸಂದನ್ನೆಲ್ಲ ಮುಚ್ಚಿ, ಒಳಗೊಳಗೇ ಕನಲುವ ಹಾಗೆ ಮಾಡುತ್ತಾರೆ. ಅದರಲ್ಲಿ ನಮ್ಮ ಕಡೆ ಯೋಗೀಶನನ್ನು ಮೀರಿಸಿದವರಿಲ್ಲ. ಹೊಗೆಗೂಡಿನಲ್ಲಿ ಯಾರೂ ಮಲಗುವುದಿಲ್ಲವಾದ್ದರಿಂದ ಅಲ್ಲಿ ಅದು ಸರಿ. ಡೇರೆಯಲ್ಲೂ ಅವನು ಒಲೆಯ ಜಾರುತಗಡನ್ನು ಒಂದು ನೂಲಿನಷ್ಟು ಬಿಟ್ಟು ಮುಚ್ಚಿದ್ದ. ಡೇರೆಯ ಕೆಳಗಿನ ಅಂಚಿಗೆಲ್ಲ ಗೋಣಿ ತುರುಕಿದ್ದ. ತುದಿಯ ಗಾಳಿಕಂಡಿಯನ್ನೂ ಬಟ್ಟೆಯಿಂದ ಬಿಗಿದಿದ್ದ.

ಗಾಳಿ ಸಾಲದೆ ಕನಲುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿ ಸಣ್ಣದಾದರೆ ಕೊಳವೆ ಕಾಯುವುದಿಲ್ಲ. ಕಾಯದ ಕೊಳವೆ ಹೊಗೆಯನ್ನು ಮೇಲೆಳೆಯುವುದಿಲ್ಲ. ಅನಿಲ ಡೇರೆಯಲ್ಲೇ ಉಳಿಯುತ್ತದೆ. ಮಲಗಿದವನಿಗೆ ಎಚ್ಚರವಾಗುವುದಿಲ್ಲ.

ಮುದ್ದಣ್ಣ ಇದನ್ನು ಪುಸ್ತಕದಿಂದ ಕಲಿತವರಲ್ಲ. 1993ರ ಜನವರಿಯಲ್ಲಿ, ಪಾಳಿಯಿಲ್ಲದ ಒಂದು ರಾತ್ರಿ, ಅವರ ಠಾಣೆಯ ಡೇರೆಯಲ್ಲಿ ಸೈನಿಕರು ಬುಖಾರಿ ಎನ್ನುವ ಒಲೆ ಉರಿಯುತ್ತಿತ್ತು. ತುದಿಯ ಕಂಡಿಯಿಂದ ಚಳಿ ನೆತ್ತಿಗೆ ಹೊಡೆಯುತ್ತಿತ್ತು. ಸಮುದ್ರದ ಬದಿಯ ಈ ಮನುಷ್ಯನಿಗೆ ತಡೆಯಲಾಗಲಿಲ್ಲ. ಎದ್ದು ಕಂಬಳಿಯ ತುಂಡನ್ನು ಅದಕ್ಕೆ ತುರುಕಿ ಮಲಗಿದರು. ಬೆಳಿಗ್ಗೆ ಮೂವರು ತಲೆ ಸಿಡಿಯುತ್ತಾ ಎದ್ದರು. ಪಕ್ಕದ ಹಾಸಿಗೆಯ ಜೊತೆಗಾರ ಏಳಲಿಲ್ಲ. ಗಡಿಬಿಡಿಯಲ್ಲಿ ಮುದ್ದಣ್ಣ ಕಂಬಳಿ ಎಳೆದು ತೆಗೆದರು. ಕಂಡಿ ಹಿಮದಿಂದ ಮುಚ್ಚಿಹೋಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ಮುದ್ದಣ್ಣ ತಿದ್ದಲಿಲ್ಲ. ಹೋಟೆಲಿನ ಅಷ್ಟೊಂದು ಕತೆಗಳಲ್ಲಿ ಇದೊಂದು ಯಾವತ್ತೂ ಬಂದಿರಲಿಲ್ಲ.

ಡೇರೆಯ ಬಾಗಿಲಿನಲ್ಲಿ ಅವರು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಭಟ್ಟರು ಹೆಗಲು ತಟ್ಟಿದರು: "ಮುದ್ದಣ್ಣ, ಇನ್ನು ನಿಮಗೆ ಪೆನ್ಶನ್ನೇ ಸರಿ. ಇವ ಬಂದ ಮೇಲೆ ಚಳಿಯ ಡಿಪಾರ್ಟ್‌ಮೆಂಟ್ ಇವನಿಗೆ!"

ಮುದ್ದಣ್ಣ ಬಾಯಿ ಮುಚ್ಚಿದರು.

ಮನೆಯಲ್ಲಿ ಅವರ ಹೆಂಡತಿ ಸುಂದರಿ ಕೇಳಿದರಂತೆ. ಆ ಕಂಬಳಿಯ ವಿಷಯ ಊರಿನಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ. "ಒಲೆ ಮಾಡಿ ಕೊಟ್ಟಿರಲ್ಲ, ಗಾಳಿಯ ವಿಷಯ ಅವನಿಗೆ ಹೇಳಿದ್ದೀರಾ?"

"ಅವನೇ ಎಲ್ಲ ತಿಳಿದವ. ಮೊಬೈಲಿನಲ್ಲಿ ನೋಡಿ ಕಲ್ತಿದ್ದಾನೆ."

"ನಿಮಗೆ ಹೊಟ್ಟೆಕಿಚ್ಚು."

"ನನಗಾ? ಒಬ್ಬ ಟ್ಯಾಪಿಂಗಿನವನ ಮೇಲಾ?"

ಯೋಗೀಶ್ ಹೊರಡುವ ದಿನ ಅಂಗಡಿಗೆ ಬಂದು ಕೈಮುಗಿದ. ಮುದ್ದಣ್ಣ ತಲೆಯೆತ್ತದೆ "ಜಾಗ್ರತೆ" ಎಂದರು. ಆ ಮಾತಿನಲ್ಲಿ ಎಲ್ಲ ಬಂತು ಎಂದು ತಮಗೇ ಹೇಳಿಕೊಂಡರು. ಬರಲಿಲ್ಲ ಎಂದೂ ಗೊತ್ತಿತ್ತು.

ಎಂಟನೆಯ ದಿನ, ಸಂಜೆ ನಾಲ್ಕು ಗಂಟೆಗೆ ಭಟ್ಟರ ಮೊಬೈಲಿಗೆ ಕರೆ ಬಂತು. ಭಟ್ಟರು ಸ್ಪೀಕರ್ ಹಾಕಿ ಫೋನನ್ನು ಬಿಸ್ಕೆಟ್ ಭರಣಿಗೆ ಒರಗಿಸಿಟ್ಟರು. ಹೋಟೆಲಿನಲ್ಲಿ ನಾನೂ ಸೇರಿ ಹತ್ತು ಜನ ಇದ್ದೆವು.

"ಸ್ಪಿತಿಯ ಕಾಜಾ ಪೇಟೆಯಲ್ಲಿದ್ದೇನೆ ಭಟ್ರೇ. ಬೆಳಿಗ್ಗೆ ಮೈನಸ್ ಹತ್ತೊಂಬತ್ತು. ಮೀಸೆಯಲ್ಲಿ ಐಸು!"

"ಹೋ!" ಎಂದಿತು ಇಡೀ ಹೋಟೆಲು. ಮುದ್ದಣ್ಣ ಪತ್ರಿಕೆಯ ಪುಟ ತಿರುವಿದರು.

"ನಿನ್ನೆ ಇಲ್ಲೇ ಒಂದು ಮನೆಯ ಅಂಗಳದಲ್ಲಿ ಡೇರೆ ಹಾಕಿ ಮಲಗಿದೆ. ಒಳ್ಳೆ ಬೆಚ್ಚಗೆ ಇತ್ತು. ಬೆಳಿಗ್ಗೆ ಮಾತ್ರ ತಲೆನೋವು, ವಾಂತಿ. ಎತ್ತರದ ಜಾಗ ಅಲ್ವಾ, ಹಾಗೆ ಆಗ್ತದಂತೆ. ಈಗ ಗಾಡಿ ಬಂತು, ಮೇಲಿನ ಹಳ್ಳಿಗೆ ಹೋಗಿ ಅದರ ಆಚೆ ಡೇರೆ ಹಾಕ್ತೇನೆ. ಅಲ್ಲಿ ರೇಂಜ್ ಇಲ್ಲ. ಇನ್ನು ಮೂರು ದಿನ ಬಿಟ್ಟು ಫೋನ್."

"ಆಯ್ತು, ಫೋಟೋ ತೆಗಿ ಮಾರಾಯ" ಎಂದು ಭಟ್ಟರು ಫೋನಿಗೆ ಕೈಚಾಚಿದರು.

"ಇಡಬೇಡಿ!"

ಮುದ್ದಣ್ಣ ಎದ್ದು ನಿಂತಿದ್ದರು. ಪತ್ರಿಕೆ ಚಹಾದ ಮೇಲೆ ಬಿದ್ದಿತ್ತು.

"ಯೋಗೀಶಾ, ಮುದ್ದಣ್ಣ ಮಾತಾಡುದು. ತಲೆನೋವು ಎತ್ತರದ್ದಲ್ಲ. ಒಲೆಯದ್ದು."

"ಒಲೆ ಚೆನ್ನಾಗಿ ಉಂಟು ಮುದ್ದಣ್ಣ, ಒಂದು ಕೊರಡು ಹಾಕಿದ್ರೆ ಬೆಳಗಿನವರೆಗೆ..."

"ಅದೇ! ನೀನು ಶೀಟು ಒಣಗಿಸುವ ಹಾಗೆ ಬೆಂಕಿ ಹಾಕ್ತಿ. ಒಳಗೆ ಒಣಗುದು ನೀನು. ಸಣ್ಣ ಕಟ್ಟಿಗೆ ಹಾಕು, ಜ್ವಾಲೆ ಬರ್ಲಿ. ಮೇಲಿನ ಕಂಡಿ ಒಂದು ಗೇಣು ಬಿಚ್ಚು, ಕೆಳಗೆ ಗೋಣಿ ತೆಗಿ. ಮಲಗುವ ಮೊದಲು ಬೆಂಕಿಯನ್ನು ಕೆಂಡ ಸಮೇತ ಹೊರಗೆ ಸುರಿ."

"ಹಾಗೆ ಮಾಡಿದ್ರೆ ಚಳಿ ಬರುದಿಲ್ವಾ?"

"ಬರ್ಲಿ! ಚಳಿಗೆ ಎಚ್ಚರ ಆಗ್ತದೆ. ಇದಕ್ಕೆ ಆಗುದಿಲ್ಲ."

"ನೋಡುವ, ಗಾಡಿಯವ ಕರೀತಾ ಇದ್ದಾನೆ" ಎಂದ ಯೋಗೀಶ್. ಗಾಡಿಯ ಹಾರನ್ ಕೇಳಿತು. ಯೋಗೀಶ್ ನಂಬಿಲ್ಲ ಎಂದು ನಮಗೆಲ್ಲ ತಿಳಿಯಿತು. ಎರಡು ತಿಂಗಳು ತಮಾಷೆ ಮಾಡಿದವರ ಮಾತನ್ನು ಅವನು ಯಾಕೆ ನಂಬಬೇಕು? ಮುದ್ದಣ್ಣ ನಮ್ಮ ಮುಖಗಳನ್ನು ಒಂದು ಸುತ್ತು ನೋಡಿ, ಫೋನಿನ ಹತ್ತಿರ ಬಗ್ಗಿದರು.

"ಕೇಳು. ತೊಂಬತ್ತಮೂರರಲ್ಲಿ ಕಂಡಿ ಮುಚ್ಚಿದ್ದು ನಾನು. ಚಳಿ ತಡೀಲಿಕ್ಕೆ ಆಗದೆ, ಕಂಬಳಿ ತುರುಕಿ. ಬೆಳಿಗ್ಗೆ ಒಬ್ಬ ಏಳಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ನಿನಗೆ ಹೊರಡುವಾಗಲೇ ಹೇಳ್ಬೇಕಿತ್ತು. ಗೊತ್ತಿದ್ದೇ ಹೇಳಲಿಲ್ಲ."

ಕಾವಲಿಯ ಮೇಲೆ ದೋಸೆ ಸೀಯತೊಡಗಿತು.

"ಒಂದು ಗೇಣು ಅಲ್ವಾ?" ಎಂದ ಯೋಗೀಶ್.

"ಒಂದು ಗೇಣು."

"ಸರಿ ಮುದ್ದಣ್ಣ."

ಕರೆ ಮುಗಿಯಿತು. ಮುದ್ದಣ್ಣ ಒದ್ದೆಯಾದ ಪತ್ರಿಕೆಯನ್ನು ಮಡಚಿಟ್ಟು ಹೊರಟುಹೋದರು. ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ "ಕೆಳಗೆ ಬಂದೆ" ಎಂದು ಯೋಗೀಶ್ ಫೋನು ಮಾಡಿದಾಗ ಭಟ್ಟರು ಸ್ವತಃ ಮುದ್ದಣ್ಣನ ಮನೆಗೆ ನಡೆದು ತಿಳಿಸಿದರು.

ಮಾರ್ಚ್ ಮೊದಲ ವಾರ ಯೋಗೀಶ್ ಊರಿಗೆ ಬಂದ. ಮೂಗಿನ ತುದಿ ಸುಲಿದಿತ್ತು. ಹೋಟೆಲಿನಲ್ಲಿ ಜಾಗ ಸಾಲದಷ್ಟು ಜನ. ಮುದ್ದಣ್ಣ ಬರಲಾರರು ಎಂದುಕೊಂಡಿದ್ದೆವು. ಬಂದರು, ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು. ಒಂದು ಮುಂಜಾವ ಹೊರಗೆ ಮೈನಸ್ ಇಪ್ಪತ್ತನಾಲ್ಕು ಇದ್ದದ್ದು, ಒಲೆ ಉರಿಯುವಾಗ ಕಾಲಿಗೆ ಬೆಚ್ಚಗೆ, ಕಂಡಿಯ ಕೆಳಗೆ ತಲೆಗೆ ತಣ್ಣಗೆ ಇದ್ದದ್ದು, ಅಲ್ಲಿ ಕಪ್ಪು ಚಹಾ ಕುಡಿದದ್ದು, ಎಲ್ಲವನ್ನೂ ಯೋಗೀಶ್ ಹೇಳಿದ.

"ಮಲಗಿದ ಮೇಲೆ?" ಎಂದು ಮುದ್ದಣ್ಣ ಇದ್ದಕ್ಕಿದ್ದಂತೆ ಕೇಳಿದರು.

"ನೀವು ಹೇಳಿದ ಹಾಗೆ ಕೆಂಡ ಹೊರಗೆ ಸುರಿದೆ. ಮಲಗುವ ಚೀಲದ ಒಳಗೆ ಹೊಕ್ಕೆ."

"ನಿದ್ದೆ ಬಂತಾ?"

"ಬಂತಲ್ಲ. ಎಂಟು ಗಂಟೆ, ಒಂದೇ ನಿದ್ದೆ."

ಮುದ್ದಣ್ಣ ಅವನನ್ನೇ ನೋಡಿದರು. ಕಂಬಳಿಯ ಆ ಬೆಳಗಿನ ಅನಂತರ, ಠಾಣೆಯಲ್ಲಿ ಉಳಿದ ಅಷ್ಟೂ ದಿನ, ಪಾಳಿ ಇಲ್ಲದಾಗಲೂ ಅವರು ಕಂಡಿಯ ಕಡೆ ಕಣ್ಣಿಟ್ಟು ಕೂತೇ ಇರುತ್ತಿದ್ದರು ಎಂದು ಸುಂದರಿ ನನಗೆ ಆಮೇಲೆ ಹೇಳಿದರು.

"ಎಂಟು ಗಂಟೆ!" ಎಂದರು ಮುದ್ದಣ್ಣ. "ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಗ್ತದೆ ಮಾರಾಯ."

ಯಾರೂ ನಗಲಿಲ್ಲ. ಯೋಗೀಶ್ ಬೆಂಚಿನಲ್ಲಿ ಸರಿದು ಅವರಿಗೆ ಪಕ್ಕದಲ್ಲಿ ಜಾಗ ಮಾಡಿದ. ಮುದ್ದಣ್ಣ ಎದ್ದು ಬಂದು ಕೂತರು.

"ಪುನಃ ಹೇಳು" ಎಂದರು. "ಡೇರೆ ಹಾಕಿದಲ್ಲಿಂದ. ಗಡಿಬಿಡಿ ಮಾಡ್ಬೇಡ."